ಎರಡನೇ ಸಲವೂ ಅದೇ ‘ಏಕೆ’

೩ ನವೆಂಬರ್ ೧೯೩೨, ಗುರುವಾರ

ಸಮಸ್ತ ಗಿರಗಾಂವಿನ ನಾಗರಿಕರಿಗೂ, ಮುಂಬಯಿ ಪ್ರಾಂತ್ಯದ ಗವರ್ನರ್ ಸಾಹೇಬರಿಗೂ, ಸಮುದ್ರದಾಚೆಯ ಚಕ್ರವರ್ತಿಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ — ಮಿಸ್ ಶೇವಂತಿಯವರು ಇಂದು ಬೆಳಿಗ್ಗೆ ಎಂಟು ಗಂಟೆಯಿಂದ ಮಾವಿನಕಾಯಿ ಉಪ್ಪಿನಕಾಯಿಯನ್ನು ಶಾಶ್ವತವಾಗಿ ತ್ಯಜಿಸಿರುತ್ತಾರೆ. ಕಂಠದ ರಕ್ಷಣೆಗಾಗಿ. ಕಲೆಗಾಗಿ. ದೇಶಕ್ಕಾಗಿ ಎಂದೂ ಸೇರಿಸಬಹುದು, ಯಾರೂ ಬೇಡವೆನ್ನುವುದಿಲ್ಲ.

ಎಂಟೂವರೆಗೆ ಮಾವಶಿ ಭಾಕರಿ ರೊಟ್ಟಿಯ ಪಕ್ಕ ಒಂದು ಹೋಳು ಇಟ್ಟಳು. ತಿಂದೆ. ತ್ಯಾಗ ನಾಳೆಯಿಂದ.

ವಿಷಯ ಇಷ್ಟು. ನಮ್ಮ ಸ್ಟುಡಿಯೋ ಟಾಕಿ ತೆಗೆಯುತ್ತಿದೆ. ಶೇಠ್‌ಜಿ ಸೌಂಡ್ ಮೆಷಿನ್ ತರಿಸಿದ್ದಾರೆ, ಅದಕ್ಕೆ ಹೂವಿನ ಹಾರ ಹಾಕಿಸಿದ್ದಾರೆ, ತೆಂಗಿನಕಾಯಿ ಒಡೆಸಿದ್ದಾರೆ. ಕಥೆಯಲ್ಲಿ ಒಬ್ಬಳು ರಾಜನರ್ತಕಿ. ಅವಳು ನಾನು. ಹೀರೋಯಿನ್! ಇಷ್ಟು ದಿನ ಮೂಕಿ ಚಿತ್ರಗಳಲ್ಲಿ ದರಬಾರಿನ ಮೂಲೆಯಲ್ಲಿ ಕುಣಿದು ಮಾಯವಾಗುತ್ತಿದ್ದೆ. ಒಳ್ಳೆಯ ಕಾಲ ಅದು. ರಾಜಕುಮಾರನ ಎದೆಗೊರಗಿ ‘ಬಾಂಗಡೆ ಮೀನು ಇವತ್ತು ಭಾರೀ ತುಟ್ಟಿ’ ಅಂದರೂ ಪರದೆಯ ಮೇಲೆ ‘ಪ್ರಾಣನಾಥಾ’ ಎಂದು ಬರೆದು ತೋರಿಸುತ್ತಿದ್ದರು. ಇನ್ನು ಮೇಲೆ ಬಾಯಿಗೂ ಮನಸ್ಸಿಗೂ ಹೊಂದಾಣಿಕೆ ಬೇಕು. ಕಷ್ಟ.

ಬಯೋ ಮಾವಶಿಗೆ ಮಾತ್ರ ಹಿಗ್ಗು. ಅವಳ ಲೆಕ್ಕದಲ್ಲಿ ನಾನು ಮತ್ತೆ ಹಾಡಿಗೆ ಬಂದೆ. ಅಮ್ಮನ ಅಕ್ಕ, ನನ್ನ ಗುರು, ಅಡುಗೆಯವಳು, ಪೊಲೀಸು — ಎಲ್ಲ ಅವಳೇ. ಗೋವೆಯಿಂದ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದವಳು. ನಮ್ಮ ಮನೆತನಕ್ಕೆ ಹಾಡಿ ಕುಣಿಯುವುದೇ ಕಸುಬು. ಸಿನಿಮಾ ಸೇರಿದೆನೆಂದು ದೊಡ್ಡ ಮನೆಗಳ ಹಾಡಿನ ಬೈಠಕ್ಕಿಗೆ ಈಗ ಯಾರೂ ಕರೆಯುವುದಿಲ್ಲ. ಆ ಬಾಗಿಲು ಮುಚ್ಚಿದೆ. ಈ ಬಾಗಿಲು ಅರ್ಧ ತೆರೆದಿದೆ. ನಾನು ಹೊಸ್ತಿಲ ಮೇಲೆ, ಉಪ್ಪಿನಕಾಯಿ ಕೈಯಲ್ಲಿ.

೮ ನವೆಂಬರ್, ಮಂಗಳವಾರ. ಸಂಜೆ

ಸೌಂಡಿನ ಮೊದಲ ದಿನ. ಬರೆಯಲೇಬೇಕು.

ಮೈಕು ಎಂದರೆ ಹಗ್ಗಕ್ಕೆ ತೂಗುಬಿಟ್ಟ ಹಿತ್ತಾಳೆ ತಂಬಿಗೆ. ಅದರ ಕೆಳಗೆ ಸೀಮೆಸುಣ್ಣದ ವೃತ್ತ. ವೃತ್ತದಾಚೆ ಹೋದರೆ ನನ್ನ ದನಿ ಸತ್ತುಹೋಗುತ್ತದಂತೆ. ರಾಜನರ್ತಕಿ ಕುಣಿಯಬೇಕಾದ ಜಾಗ ನಮ್ಮ ಬಚ್ಚಲಿಗಿಂತ ಚಿಕ್ಕದು. ಕ್ಯಾಮೆರಾ ಕಿರುಗುಡುತ್ತದೆಂದು ಅದನ್ನೂ ಕ್ಯಾಮೆರಾದವನನ್ನೂ ಒಟ್ಟಿಗೆ ಒಂದು ಮರದ ಪೆಟ್ಟಿಗೆಯಲ್ಲಿ ಹಾಕಿ ಬಾಗಿಲು ಜಡಿದಿದ್ದಾರೆ. ಟೇಕ್ ಮುಗಿದ ಮೇಲೆ ಬಾಗಿಲು ತೆಗೆದರೆ ಹಬೆಯಲ್ಲಿ ಬೆಂದ ಕಡುಬಿನಂತೆ ಹೊರಬರುತ್ತಾನೆ. ತಬಲಾದ ಪಾಂಡುಮಾಮ ಕಾಗದದ ಗುಲಾಬಿ ಪೊದೆಯ ಹಿಂದೆ. ಸಾರಂಗಿಯವರು ಕಂಬದ ಹಿಂದೆ. ಕಾಗೆ ಓಡಿಸಲು ಛಾವಣಿಯ ಮೇಲೆ ಒಬ್ಬ ಪೇಟದ ಮನುಷ್ಯ. ದಾದರಿನ ರೈಲು ಕೂಗಿದಾಗ ಎಲ್ಲರೂ ಬೊಂಬೆಗಳಂತೆ ನಿಲ್ಲುವುದು.

ಮೊದಲ ಹೆಜ್ಜೆ ಹಾಕಿದ್ದೇ ಸೌಂಡಿನ ಫರ್ದೂನ್‌ಜಿ ಕಿವಿಯ ಮೇಲಿನ ಬಟ್ಟಲು ಕಿತ್ತೆಸೆದು ಓಡಿಬಂದರು. ಪಾರ್ಸಿ ಮುದುಕ, ಬಿಳಿ ಕೋಟು, ಮೂಗಿನ ಮೇಲೆ ಬೆವರು.

“ಅರೆ ಡೀಕ್ರಿ, ಮಗಳೇ! ಕಾಲಿಗೆ ಏನು ಕಟ್ಕೊಂಡಿದ್ದೀಯಾ, ಪಾತ್ರೆ ಅಂಗಡೀನಾ?”

“ಗೆಜ್ಜೆ, ಸಾಹೇಬ್ರೇ. ನರ್ತಕಿ ಅಲ್ವಾ ನಾನು?”

“ನನ್ನ ಕಿವೀಲಿ ಅದು ಗೆಜ್ಜೆ ಅಲ್ಲಮ್ಮ, ತಗಡಿನ ಮೇಲೆ ಆಲಿಕಲ್ಲು. ಬಿಚ್ಚು, ಬಿಚ್ಚು!”

ಮಾವಶಿ ಎದ್ದು ನಿಂತಳು. “ನಮ್ಮ ಹುಡುಗಿ ಗೆಜ್ಜೆ ಬಿಚ್ಚಿ ಕುಣಿಯೋದಾದ್ರೆ ನೀವು ಪ್ಯಾಂಟು ಬಿಚ್ಚಿ ರೆಕಾರ್ಡ್ ಮಾಡಿ!”

ಕೊನೆಗೆ ಸಂಧಾನ. ಪ್ರತಿ ಗೆಜ್ಜೆಯೊಳಗೂ ಹತ್ತಿ ತುರುಕಿದರು. ನೋಡಲು ಗೆಜ್ಜೆ, ಕೇಳಲು ಮೌನವ್ರತ. ಕುಣಿದೆ. ಕಾಲು ನನ್ನದೇ ಎಂದು ನಂಬಲು ಆಗಾಗ ಕೆಳಗೆ ನೋಡಬೇಕಾಯಿತು.

೯ ನವೆಂಬರ್, ಬುಧವಾರ

ಹಾಡು ಮುಗಿಯಿತು! ರಾಜಕುಮಾರ ಯುದ್ಧಕ್ಕೆ ಹೊರಟಿದ್ದಾನೆ, ನರ್ತಕಿ ತಡೆಯುತ್ತಾಳೆ: ‘ದೀಪವಿನ್ನೂ ಆರಿಲ್ಲ, ಹೊರಡುವೆ ಏಕೆ?’ ನಮ್ಮ ಡೈರೆಕ್ಟರ್ ದತ್ತೋಪಂತರೇ ಬರೆದದ್ದು. ಕಾಲೇಜು ಕಲಿತವರು, ಕನ್ನಡಕ ಒರೆಸಿಕೊಂಡೇ ಇರುತ್ತಾರೆ.

ಕ್ಯಾಮೆರಾ ಒಂದೇ. ಹಾಗಾಗಿ ಹಾಡನ್ನು ಒಮ್ಮೆ ದೂರದಿಂದ, ಒಮ್ಮೆ ಹತ್ತಿರದಿಂದ ತೆಗೆದರು. ಆ ಕೊನೆಯ ‘ಏಕೆ’ — ಅಬ್ಬಾ, ಅದೇ ಹಾಡಿನ ಜೀವ. ಮೊದಲ ಸಲ ಸಿಟ್ಟಿನಲ್ಲಿ ಹೇಳಿದೆ, ಕೈ ಝಾಡಿಸಿ. ಎರಡನೇ ಸಲ ನಗುತ್ತ, ಕಣ್ಣಲ್ಲೇ ಎಳೆದು ಕೂರಿಸುವ ಹಾಗೆ. ಎರಡೂ ಹೇಗೆ ಬಂದವೋ ನನಗೇ ಆಶ್ಚರ್ಯ. ಒಂದೇ ಮಾತಿಗೆ ಎರಡು ಬಣ್ಣ! ಮಾವಶಿಯ ಕಣ್ಣಲ್ಲಿ ನೀರು.

ದತ್ತೋಪಂತರು ಮಾತ್ರ ಏನೋ ಹೇಳಲು ಬಾಯಿ ತೆರೆದು, ಕನ್ನಡಕ ಒರೆಸಿ, ಮುಚ್ಚಿಕೊಂಡರು. ಮೆಚ್ಚಿಗೆಯಿಂದ ಮಾತು ಹೊರಡಲಿಲ್ಲ, ಪಾಪ.

೨೧ ನವೆಂಬರ್, ಸೋಮವಾರ

ಮೆಚ್ಚಿಗೆ ಅಲ್ಲ.

ಇವತ್ತು ಕರೆಸಿದರು. ಕತ್ತಲ ಕೋಣೆ, ಗೋಡೆಗೆ ಬಿಳಿ ಬಟ್ಟೆ. ಶೇಠ್‌ಜಿ ಎಲೆಯಡಿಕೆ ಜಗಿಯುತ್ತ ಮಧ್ಯದಲ್ಲಿ. ದೂರದ ಶಾಟಿಗೆ ಹತ್ತಿರದ ಶಾಟು ಜೋಡಿಸಿ ತೋರಿಸಿದರು.

ದೇವರೇ. ನರ್ತಕಿ ದೂರದಿಂದ ರಾಜಕುಮಾರನ ಮೇಲೆ ಹುಲಿಯಂತೆ ಎರಗುತ್ತಾಳೆ. ಮರುಕ್ಷಣ, ಅದೇ ಉಸಿರಿನಲ್ಲಿ, ಜೇನು ಸುರಿಸುತ್ತಾಳೆ. ಎಡಕ್ಕೆ ತಿರುಗಿದ ಕತ್ತು ಬಲಕ್ಕಿದೆ. ಝಾಡಿಸಿದ ಕೈ ಗಲ್ಲದ ಮೇಲಿದೆ. ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದವಳನ್ನು ಯಾವನು ತಾನೇ ಬಿಟ್ಟು ಯುದ್ಧಕ್ಕೆ ಹೋಗುವುದಿಲ್ಲ?

ಶೇಠ್‌ಜಿ ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿದರು. ನಗುವೇ ವಾಸಿಯಿತ್ತು.

“ಶೇವಂತಾಬಾಯಿ,” ದತ್ತೋಪಂತರು ಮೆಲ್ಲಗೆ ಕೇಳಿದರು, “ಎರಡು ಸಲವೂ ಒಂದೇ ಥರ ಹಾಡೋಕೆ ಏನು ಕಷ್ಟ?”

“ಒಂದೇ ಥರಾನಾ?” ಎಂದೆ. ನಿಜಕ್ಕೂ ಅರ್ಥವಾಗಲಿಲ್ಲ. “ಅದು ತಪ್ಪಲ್ವಾ?”

ಶೇಠ್‌ಜಿ ಪೀಕದಾನಿಗೆ ಉಗುಳಿದರು.

ಇವರಿಗೆ ಹೇಗೆ ತಿಳಿಸುವುದು? ಚಿಕ್ಕವಳಿದ್ದಾಗ ಒಂದು ಸಾಲನ್ನು ಎರಡನೇ ಸಲ ಅದೇ ರೀತಿ ಹಾಡಿದರೆ ಮಾವಶಿಯಿಂದ ಬೆನ್ನಿಗೆ ಬೀಳುತ್ತಿತ್ತು. “ನಿನ್ನೆ ಬಡಿಸಿದ್ದನ್ನೇ ಬಡಿಸ್ತೀಯಾ? ಅತಿಥಿಗಳಿಗೆ ಹಳಸಿದ್ದಾ?” ಒಂದು ಮಾತನ್ನು ಸಿಟ್ಟಾಗಿ, ಅಳುವಾಗಿ, ಚೇಷ್ಟೆಯಾಗಿ, ಏನೂ ಅಲ್ಲದ್ದಾಗಿ ತಿರುಗಿಸುತ್ತ ಹೋಗುವುದೇ ನಮ್ಮ ವಿದ್ಯೆ. ಅದನ್ನೇ ಕಲಿತೆ. ಅದೊಂದನ್ನೇ.

ಶೇಠ್‌ಜಿಯ ತೀರ್ಪು: ಡಿಸೆಂಬರ್ ಒಂದರಂದು ರೀಟೇಕ್. ಎರಡೂ ಶಾಟು ಒಂದೇ ಥರ ಬರಬೇಕು. ಬರದಿದ್ದರೆ ನರ್ತಕಿಯ ಪಾತ್ರ ಹೌಸಾಬಾಯಿಗೆ. ನಾನು ಅವಳ ಹಿಂದೆ ಚಾಮರ ಬೀಸಬಹುದು.

೨೨ ನವೆಂಬರ್, ಮಂಗಳವಾರ

ಹೌಸಾಬಾಯಿ ನಾಟಕ ಕಂಪನಿಯವಳು. ಜನ ‘ಒನ್ಸ್ ಮೋರ್’ ಎಂದರೆ ಸತ್ತು ಬಿದ್ದವಳೂ ಎದ್ದು ನಿಂತು ಹಾಡುತ್ತಾಳೆ, ಅದೇ ತಾನ, ಅದೇ ನಿಟ್ಟುಸಿರು, ಮತ್ತೆ ಅದೇ ಜಾಗದಲ್ಲಿ ಸಾಯುತ್ತಾಳೆ. ಇವತ್ತು ಮೇಕಪ್ ಕೋಣೆಯಲ್ಲಿ ಸಿಕ್ಕಳು. ಕೆಟ್ಟವಳಲ್ಲ. ಅದೇ ಬೇಸರ.

“ಶೇವಂತಾ, ಸಿಟ್ಟು ಮಾಡ್ಕೋಬೇಡ ಕಣೇ. ನಾನೇನೂ ಕೇಳಿರಲಿಲ್ಲ.”

“ಸಿಟ್ಟಿಲ್ಲ. ನೀನು ಹೇಗೆ ಮಾಡ್ತೀಯಾ ಅದನ್ನ? ಅದೇ ಥರ, ಅದೇ ಥರ?”

“ಅದರಲ್ಲಿ ಮಾಡೋದೇನು ಬಂತು? ಬೇರೆ ಥರ ಬಂದ್ರೆ ತಾನೇ ಕಷ್ಟ!”

ನನ್ನನ್ನು ಕಾಯಿಲೆಯವಳಂತೆ ನೋಡಿದಳು. ಮೂಸಂಬಿ ಕೊಟ್ಟಳು ಬೇರೆ.

ಮನೆಗೆ ಬಂದು ಮಾವಶಿಗೆ ಹೇಳಿದೆ. ಅವಳು ತಂಬೂರಿಗೆ ಗವಸು ಹಾಕಿ ಗೋಡೆಗೆ ಮುಖ ಮಾಡಿ ಇಟ್ಟಳು. “ನಾನು ಗಿಳಿ ಸಾಕಿಲ್ಲ.” ಅಷ್ಟೇ. ಒಲೆಯ ಮುಂದೆ ಹೋಗಿ ಕೂತಳು. ಕಾಯಿ ತುರಿದ ರಭಸಕ್ಕೆ ಕರಟವೂ ಸಾರಿಗೆ ಬಿದ್ದಿರಬೇಕು.

೨೫ ನವೆಂಬರ್, ಶುಕ್ರವಾರ

ಅಭ್ಯಾಸ. ಒಬ್ಬಳೇ, ಬಾಗಿಲು ಹಾಕಿಕೊಂಡು, ಏನೋ ಕಳ್ಳತನ ಮಾಡುವವಳಂತೆ.

ಮೊದಲು ಯಾವ ‘ಏಕೆ’ ಎಂದು ತೀರ್ಮಾನಿಸಬೇಕು. ಸಿಟ್ಟಿನದು ಬೇಡ, ನಗುವಿನದೂ ಬೇಡ. ಹುಡುಕಿ ಹುಡುಕಿ ಒಂದು ಸಣ್ಣದನ್ನು ಆರಿಸಿದೆ — ಉತ್ತರ ಗೊತ್ತಿದ್ದೂ ಕೇಳುವವರ ‘ಏಕೆ’. ದನಿ ಏರುವುದಿಲ್ಲ. ಎತ್ತಿದ ಕೈ ಅರ್ಧದಲ್ಲೇ ಇಳಿಯುತ್ತದೆ. ಅಷ್ಟೇ.

ವಿಚಿತ್ರ. ಒಬ್ಬಳೇ ಇದ್ದಾಗ ಬರುತ್ತಿದೆ. ಎರಡು ಸಲ, ಮೂರು ಸಲ, ಅದೇ. ಖುಷಿಯಾಗಿ ಪಾಂಡುಮಾಮನನ್ನು ಕರೆದು ಹಾಡಿ ತೋರಿಸಿದೆ. ಅವರು ಸುಮ್ಮನೆ ಕೇಳಿದರು, ಏನೂ ಹೇಳಲಿಲ್ಲ. ಎರಡನೇ ಸಲ — ಹೋಯಿತು! ‘ಏಕೆ’ ಯಾವುದೋ ಬೀದಿ ಹಿಡಿದು ಮಲಬಾರ್ ಹಿಲ್ಲಿನವರೆಗೂ ಹೋಗಿ ಬಂತು.

ತಲೆ ಬಿಸಿ. ಕೂತರೆ ನಿಲ್ಲಬೇಕು, ನಿಂತರೆ ಕಿಟಕಿಗೆ ಹೋಗಬೇಕು. ಟ್ರಾಮು ಹೋಗುವುದನ್ನು ನೋಡುವುದು. ಅದಕ್ಕೇನು, ಹಳಿ ಇದೆ.

೨೮ ನವೆಂಬರ್, ಸೋಮವಾರ

ಸಿಕ್ಕಿತು! ಪಾಂಡುಮಾಮನೇ ಹಿಡಿದರು. ಚಹಾ ಕುಡಿಯುತ್ತ, ತಟ್ಟೆಗೆ ಸುರಿದು ಊದುತ್ತ —

“ಶೇವಂತೀ, ನೀನು ಯಾವಾಗ ದಾರಿ ಬದಲಿಸ್ತೀಯಾ ಗೊತ್ತಾ? ಯಾರೂ ‘ವಾಹ್’ ಅನ್ನದಿದ್ದಾಗ.”

“ಅಂದ್ರೆ?”

“ಬೈಠಕ್ಕಲ್ಲಿ ನೀನೊಂದು ಸಾಲು ಹಾಡ್ತೀಯಾ. ಜನ ಸುಮ್ಮನಿದ್ರು ಅನ್ನು. ಏನ್ಮಾಡ್ತೀಯಾ?”

“ಇನ್ನೊಂದು ಥರ ಹಾಡ್ತೀನಿ.”

“ಆಗಲೂ ಸುಮ್ಮನಿದ್ರೆ?”

“ಮತ್ತೊಂದು ಥರ. ತಲೆ ತೂಗೋವರೆಗೂ ಬಿಡೋದುಂಟಾ?”

“ಸ್ಟುಡಿಯೋದಲ್ಲಿ ಫರ್ದೂನ್‌ಜಿ ‘ಸೈಲೆನ್ಸ್’ ಅಂತ ಕೂಗ್ತಾರೆ. ಜನವೆಲ್ಲ ಗೋರಿಯೊಳಗಿನ ಹೆಣ. ನಿನಗೆ ಅದು ಸೋತ ಸಭೆ! ಗೆಲ್ಲೋಕೆ ಹೊರಡ್ತೀಯಾ.”

ನಾನು ಚಹಾ ಮರೆತೆ. ಎಷ್ಟು ಸರಿ! ಆ ಹಾಳು ಮೌನ. ಉಸಿರು ಬಿಗಿಹಿಡಿದ ಅಷ್ಟು ಮುಖಗಳು. ಎದೆಯೊಳಗೆ ಏನೋ ಪರದಾಡುತ್ತದೆ — ಇವರಿಗೆ ಹಿಡಿಸಲಿಲ್ಲ, ಬೇರೆ ಕೊಡು, ಬೇಗ ಕೊಡು!

ಹಾಗಾದರೆ ಒಂದೇ ಒಂದು ತಲೆ ತೂಗಿದರೆ ಸಾಕು, ಸದ್ದಿಲ್ಲದೆ, ಕ್ಯಾಮೆರಾ ಪೆಟ್ಟಿಗೆಯ ಪಕ್ಕದಲ್ಲಿ. ಯಾರ ತಲೆ? ದತ್ತೋಪಂತರದು ಎಲ್ಲದಕ್ಕೂ ತೂಗುತ್ತದೆ, ಅದಕ್ಕೆ ಬೆಲೆಯಿಲ್ಲ. ನನಗೆ ಬೇಕಾದ ತಲೆ ಜಗತ್ತಿನಲ್ಲಿ ಒಂದೇ. ಅದು ಈಗ ಒಲೆಯ ಮುಂದೆ ಮುನಿಸಿಕೊಂಡು ಕೂತಿದೆ.

ಅದೇ ದಿನ, ಊಟದ ನಂತರ

ಕೇಳಿದೆ.

“ಹಳಸಿದ್ದಕ್ಕೆ ತಲೆ ತೂಗಬೇಕಾ ನಾನು? ಈ ವಯಸ್ಸಲ್ಲಿ ಸುಳ್ಳು ಸಾಕ್ಷಿ?”

“ಒಂದೇ ಸಲ, ಮಾವಶಿ. ಇಲ್ಲದಿದ್ರೆ ಹೌಸಾಬಾಯಿ ಹಿಂದೆ ಚಾಮರ.”

“ಬೀಸು. ಗಾಳಿ ಬರುತ್ತೆ.”

“ಆಮೇಲೆ? ಬೈಠಕ್ಕಿಗೆ ಯಾರು ಕರೀತಾರೆ ನಮ್ಮನ್ನ? ಇದೂ ಹೋದ್ರೆ ನಾನು ಎಲ್ಲಿ ಹಾಡಲಿ? ಬಚ್ಚಲಲ್ಲಾ?”

ಸೋಲಕಡಿ ಕುಡಿದ ಲೋಟ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು.

“ಬರ್ತೀನಿ. ಆದ್ರೆ ಕೇಳು. ತಲೆ ನನ್ನದು, ಸಿನಿಮಾ ಕಂಪನೀದಲ್ಲ. ಹಿಡಿಸಿದ್ರೆ ತೂಗುತ್ತೆ. ಇಲ್ಲಾಂದ್ರೆ ಇಲ್ಲ.”

೧ ಡಿಸೆಂಬರ್, ಗುರುವಾರ. ಬೆಳಿಗ್ಗೆ

ಮಾವಶಿ ಜರಿಯಂಚಿನ ಒಂಬತ್ತು ಗಜದ ಸೀರೆ ಉಟ್ಟಿದ್ದಾಳೆ, ನತ್ತು ಹಾಕಿದ್ದಾಳೆ. ಮದುವೆಗೋ, ಮಸಣಕ್ಕೋ. ಮುಖದಿಂದ ಗೊತ್ತಾಗುವುದಿಲ್ಲ. ಗಾಡಿ ಬಂತು.

ಅದೇ ದಿನ, ಸಂಜೆ

ಮುಗಿಯಿತು.

ಮಾವಶಿಗೆ ಕ್ಯಾಮೆರಾ ಪೆಟ್ಟಿಗೆಯ ಪಕ್ಕ ಸ್ಟೂಲು. ಫರ್ದೂನ್‌ಜಿ ಅವಳ ಬಳೆಗಳಿಗೂ ಬಟ್ಟೆ ಸುತ್ತಿಸಿದರು. “ಬಾಯೀ, ಕೆಮ್ಮು ಬಂದ್ರೆ?” “ನಾಳೆ ಕೆಮ್ತೀನಿ.”

ದೂರದ ಶಾಟು. ಹಾಡಿದೆ. ‘ಹೊರಡುವೆ ಏಕೆ?’ ಕೈ ಅರ್ಧದಲ್ಲಿ ಇಳಿಯಿತು. ಮಾವಶಿಯ ತಲೆ ತೂಗಿತು. ನಿಜವಾಗಿ, ಅವಳಿಗೇ ಗೊತ್ತಿಲ್ಲದಂತೆ. ಅದೊಂದು ಹೊಸ ‘ಏಕೆ’ ಅಲ್ಲವೇ ಅವಳಿಗೆ, ಬಾಗಿಲು ಹಾಕಿ ಕಲಿತದ್ದು.

ಆಮೇಲೆ ಕಾಯುವುದು. ಕ್ಯಾಮೆರಾ ಪೆಟ್ಟಿಗೆಯನ್ನು ನಾಲ್ವರು ತಳ್ಳಿಕೊಂಡು ಹತ್ತಿರ ತಂದರು. ರೈಲು. ಮತ್ತೆ ರೈಲು. ಒಂದು ಕಾಗೆ ಸರಿಯಾಗಿ ನನ್ನ ನೆತ್ತಿಯ ಮೇಲಿನ ತಗಡಿನ ಮೇಲೆ ಕೂತು ಪ್ರವಚನ ಆರಂಭಿಸಿತು. ಪೇಟದ ಮನುಷ್ಯ ಅದನ್ನು ಸರ್ಕಾರಿ ಗೌರವದೊಂದಿಗೆ ಬೀಳ್ಕೊಟ್ಟ. ಹೌಸಾಬಾಯಿ ಮೂಲೆಯಲ್ಲಿ ಕೂತಿದ್ದಳು, ಮೇಕಪ್ ಹಾಕಿಕೊಂಡೇ. ಶೇಠ್‌ಜಿ ಮುಂಜಾಗ್ರತೆ ಉಳ್ಳವರು.

“ಸೈಲೆನ್ಸ್!”

ಬಂತು ಮೌನ. ಹಾಡಿದೆ. ಮೊದಲ ಸಾಲು ಅದೇ. ಎರಡನೆಯದು ಅದೇ. ಒಳಗೆ ಚಡಪಡಿಕೆ ಶುರು — ಬದಲಿಸು, ಬದಲಿಸು. ಮಾವಶಿಯ ಕಡೆ ನೋಡಿದೆ. ಕಣ್ಣು ಮುಚ್ಚಿದ್ದಾಳೆ! ಕಲ್ಲಿನ ಮುಖ. ಎಂಥಾ ‘ಏಕೆ’ ಕೊಟ್ಟರೆ ಈ ಕಲ್ಲು ಕರಗೀತು? ಅಳುವಿನದು ಗಂಟಲಲ್ಲಿ ಸಿದ್ಧವಾಗಿ ನಿಂತಿತ್ತು, ಅಷ್ಟು ಚೆಂದದ್ದು... ನುಂಗಿದೆ. ಸಣ್ಣದನ್ನೇ ಹೇಳಿದೆ. ಅದೇ ದನಿ, ಅದೇ ಕೈ, ಅದೇ ಅರ್ಧ.

ಮಾವಶಿಯ ತಲೆ ತೂಗಿತು.

“ಓಕೆ!” ಫರ್ದೂನ್‌ಜಿ ಕುಣಿದೇ ಬಿಟ್ಟರು, ಅವರ ಬೂಟಿಗೆ ಹತ್ತಿ ಇರಲಿಲ್ಲ. ದತ್ತೋಪಂತರು ಕನ್ನಡಕ ಒರೆಸುವುದನ್ನು ಬಿಟ್ಟು ಕಣ್ಣು ಒರೆಸಿಕೊಂಡರು. ಹೌಸಾಬಾಯಿ ಬಂದು ತಬ್ಬಿದಳು, ನನ್ನ ಕೆನ್ನೆಗೆ ಅವಳ ಬಣ್ಣ ಮೆತ್ತಿತು. ಪಾತ್ರ ನನ್ನದು. ನನ್ನದೇ.

ಗಾಡಿಯಲ್ಲಿ ಮಾವಶಿ ಬಳೆಗೆ ಸುತ್ತಿದ ಬಟ್ಟೆ ಬಿಚ್ಚುತ್ತ ಕೂತಳು. ನನಗಾಗಿ ಸುಳ್ಳು ಹೇಳಿದಳು, ಬಾಯಿಂದಲ್ಲ, ತಲೆಯಿಂದ. ಜೀವಮಾನದಲ್ಲಿ ಮೊದಲ ಬಾರಿ.

ಗೆದ್ದವರಿಗೆ ಹೀಗಾಗುತ್ತದೆಯೆ?

೧೮ ಡಿಸೆಂಬರ್, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಶೂಟಿಂಗ್, ಶೂಟಿಂಗ್. ಸುಳ್ಳು. ಬರೆಯಲು ಧೈರ್ಯವಿರಲಿಲ್ಲ.

ಮಾವಶಿ ಬೈಯುತ್ತಿಲ್ಲ. ತಲೆಗೆ ಎಣ್ಣೆ ಹಚ್ಚುತ್ತಾಳೆ, ಬಿಸಿನೀರು ಕಾಯಿಸುತ್ತಾಳೆ, “ಇನ್ನೊಂದು ಭಾಕರಿ ಹಾಕಲಾ?” ಎಂದು ಕೇಳುತ್ತಾಳೆ. ಮನೆಗೆ ಬಂದ ನೆಂಟರಂತೆ ನನ್ನನ್ನು ನೋಡಿಕೊಳ್ಳುತ್ತಿದ್ದಾಳೆ. ಭಯವಾಗುತ್ತಿದೆ.

ಇವತ್ತು ತಡೆಯಲಾಗಲಿಲ್ಲ. ಅವಳು ಮೀನು ಶುಚಿ ಮಾಡುತ್ತಿದ್ದಳು.

“ಮಾವಶಿ, ಬೈದುಬಿಡು. ಆವತ್ತು ನನಗೋಸ್ಕರ ಸುಮ್ಮಸುಮ್ಮನೆ ತಲೆ ತೂಗಿದೆ. ನನ್ನಿಂದ ನಿನ್ನ ಸತ್ಯ ಹೋಯ್ತು.”

ಕತ್ತಿ ನಿಂತಿತು. “ಸುಮ್ಮಸುಮ್ಮನೆ ತೂಗೋಕೆ ಇದೇನು ಗಡಿಯಾರದ ಲೋಲಕವಾ?”

“ಮತ್ತೆ?”

“ಚೆನ್ನಾಗಿತ್ತು ಕಣೇ, ಪೋರಿ.” ಮೀನಿಗೆ ಹೇಳುವಂತೆ ಹೇಳಿದಳು. “ಕಣ್ಣು ಮುಚ್ಚಿ ಕೂತಿದ್ದೆ. ಹಳಸಿದ್ದು ಬರುತ್ತೆ, ತಲೆ ಅಲ್ಲಾಡಬಾರದು ಅಂತ ಕುತ್ತಿಗೆ ಬಿಗಿ ಹಿಡಿದಿದ್ದೆ. ಬಂದಿದ್ದು ಅದೇ, ಕೂದಲೆಳೆ ಆಚೀಚೆ ಇಲ್ಲ. ಆದ್ರೂ ಎದೆ ಝಲ್ ಅಂತು.”

ನಾನು ನಗುವುದೋ ಅಳುವುದೋ ತಿಳಿಯದೆ ನಿಂತೆ.

“ಹಾಗಾದ್ರೆ ಒಳ್ಳೇದಲ್ವಾ, ಮಾವಶಿ?”

“ಏನು ಒಳ್ಳೇದು? ಎರಡನೇ ಸಲವೂ ಅದೇ ನಡೆಯುತ್ತೆ ಅಂದ್ಮೇಲೆ, ನಾನು ನಿನ್ನ ಬೆನ್ನ ಮೇಲೆ ಹೊಡೆದಿದ್ದೆಲ್ಲ ಯಾತಕ್ಕೆ? ನನ್ನ ಬೆನ್ನ ಮೇಲೆ ನನ್ನ ಅಮ್ಮ ಹೊಡೆದಿದ್ದು?”

ಅವಳೇ ಕೈ ತೊಳೆದು ಬಂದು ತಂಬೂರಿಯ ಗವಸು ತೆಗೆದಳು. ಎಷ್ಟು ದಿನಗಳ ಮೇಲೆ! “ಹಾಡು. ಇಲ್ಲಿ ಮೆಷಿನ್ ಇಲ್ಲ. ನಿನಗೆ ಬೇಕಾದ ಹಾಗೆ ಹಾಡು.”

ಹಾಡಿದೆ. ‘ಹೊರಡುವೆ ಏಕೆ?’ — ಸಣ್ಣದು. ಕೈ ಅರ್ಧದಲ್ಲಿ ಇಳಿಯಿತು.

“ಇನ್ನೊಂದು ಥರ.”

ಸಿಟ್ಟಿನದನ್ನು ಹುಡುಕಿದೆ, ನಗುವಿನದನ್ನು ಹುಡುಕಿದೆ, ಆ ದಿನ ನುಂಗಿದ ಅಳುವನ್ನು ಕರೆದೆ. ಬಾಯಿ ತೆರೆದರೆ ಅದೇ ಸಣ್ಣದು. ಅದೇ ಅರ್ಧ.

“ಬರ್ತಿಲ್ಲ, ಮಾವಶಿ.”

“ಬರುತ್ತೆ,” ಎಂದಳು. ತಂತಿಯ ಮೇಲಿನ ಬೆರಳು ನಿಲ್ಲಿಸಲಿಲ್ಲ. “ಕೂತ್ಕೋ. ಸ ಇಂದ ಶುರು ಮಾಡು. ಆ ‘ಏಕೆ’ ಅವರಿಗೆ ಕೊಟ್ಟಾಯ್ತು, ಇನ್ನು ಅದು ನಿನ್ನದಲ್ಲ. ಬೇರೆ ಹುಡುಕೋಣ.”

ಮೀನನ್ನು ಬೆಕ್ಕು ತಿಂದಿತು. ಇಬ್ಬರಿಗೂ ಕಂಡಿತು. ಯಾರೂ ಏಳಲಿಲ್ಲ.

೧೩ ಜನವರಿ ೧೯೩೩, ಶುಕ್ರವಾರ

ನಾಳೆ ರಿಲೀಸ್. ಗಿರಗಾಂವಿನ ಗೋಡೆಗಳ ಮೇಲೆಲ್ಲ ನಾನು. ಒಂದು ಕಡೆ ಮೂಗಿಗೆ ಸರಿಯಾಗಿ ಮೊಳೆ ಹೊಡೆದಿದ್ದಾರೆ.

ಬೆಳಿಗ್ಗೆಯಿಂದ ಕೋಣೆಯಲ್ಲಿ ಸುತ್ತುತ್ತಿದ್ದೇನೆ. ಮಾವಶಿ “ಗಾಣಕ್ಕೆ ಕಟ್ಟಿದ್ದಾರಾ ನಿನ್ನ?” ಎಂದು ಕೇಳಿ ಆಯಿತು. ಅಭ್ಯಾಸ ನಡೆಯುತ್ತಿದೆ. ನಿನ್ನೆ ಒಂದು ಹೊಸ ‘ಏಕೆ’ ಬಂತು. ಸ್ವಲ್ಪ ಕುಂಟುತ್ತದೆ, ಆದರೆ ಬಂತು. ಮಾವಶಿ ತಲೆ ತೂಗಲಿಲ್ಲ. ಇನ್ನೊಂದು ಹುಡುಕು ಎಂದು ಅರ್ಥ. ಎಂಥಾ ಸುಖ!

ತಳಮಳ ನನ್ನ ಬಗ್ಗೆ ಅಲ್ಲ. ಪರದೆಯ ಮೇಲಿನವಳ ಬಗ್ಗೆ. ನಾಳೆಯಿಂದ ಅವಳು ಇಲ್ಲಿ ಹಾಡುತ್ತಾಳೆ, ಪುಣೆಯಲ್ಲಿ ಹಾಡುತ್ತಾಳೆ, ನಾಗಪುರದಲ್ಲಿ ಹಾಡುತ್ತಾಳೆ, ನಾನಿಲ್ಲಿ ಊಟಕ್ಕೆ ಕೂತಿರುವಾಗಲೂ. ಪ್ರತಿ ಆಟದಲ್ಲಿ ಅದೇ ‘ಏಕೆ’. ಜನ ಸುಮ್ಮನೆ ಕೂತರೆ ನಾನಾದರೆ ದಾರಿ ಬದಲಿಸಿಯೇನು. ಅವಳು ಬದಲಿಸಲಾರಳು, ಪಾಪ. ಕೈ ಅರ್ಧಕ್ಕೆ ಇಳಿಸಿ, ಸೋತ ಸಭೆಯಲ್ಲಿ ಮತ್ತೆ ಅದನ್ನೇ ಕೇಳುತ್ತಾಳೆ.

ಈ ಡೈರಿಯನ್ನು ಯಾರೂ ಓದುವುದಿಲ್ಲ, ಗೊತ್ತು. ಆದರೂ ಕದ್ದು ಓದುತ್ತಿರುವ ಮಹಾಶಯರೇ, ಹೇಗೂ ತಪ್ಪು ಮಾಡಿದ್ದೀರಿ, ಪ್ರಾಯಶ್ಚಿತ್ತವಾಗಿ ಒಂದು ಸಣ್ಣ ಉಪಕಾರ. ಆ ಸಿನಿಮಾಕ್ಕೆ ಹೋದರೆ, ಹಾಡಿನ ಕೊನೆಯಲ್ಲಿ ಅವಳ ಕೈ ಇಳಿಯುವಾಗ, ಒಮ್ಮೆ ‘ವಾಹ್’ ಅನ್ನಿ. ಜೋರಾಗಿ ಬೇಡ, ಪಕ್ಕದವರು ಬೈದಾರು. ಮೆಲ್ಲಗೆ ಸಾಕು. ಎರಡನೇ ಆಟಕ್ಕೆ ಹೋದರೆ ಆಗಲೂ —